ಸೊಂಟದ ಕೀಲು ಬದಲಾದ ಮೇಲಿನ ಆರು ವಾರ: ಸರ್ಜಿಕಲ್ ಅಂಗಡಿಯ ಸಾಮಾನಿನಲ್ಲಿ ಯಾವುದು ಬೇಕು, ಯಾವುದು ದಂಡ

ಹಿಪ್ ರಿಪ್ಲೇಸ್‌ಮೆಂಟ್ ಆದವರನ್ನು ನಾಳೆ ಮನೆಗೆ ಕಳಿಸುತ್ತೇವೆ ಎಂದು ಡಾಕ್ಟರು ಹೇಳಿದ ಸಂಜೆಯೇ ಮನೆಯವರು ಸರ್ಜಿಕಲ್ ಅಂಗಡಿಗೆ ಓಡುತ್ತಾರೆ. ವಾಕರ್, ಕಮೋಡ್ ಮೇಲಿಡುವ ಎತ್ತರದ ಸೀಟು, ಕಾಲ ನಡುವಿನ ತ್ರಿಕೋನ ದಿಂಬು, ನೆಲದ ಸಾಮಾನು ಎತ್ತುವ ಕೋಲು, ಏರ್ ಬೆಡ್, ಗೋಡೆಗೆ ಅಂಟಿಸುವ ಹಿಡಿಕೆ ಎಲ್ಲವೂ ಒಂದೇ ಬಿಲ್ಲಿನಲ್ಲಿ ಬರುತ್ತವೆ. ಅದರಲ್ಲಿ ಅರ್ಧದಷ್ಟು ತಿಂಗಳೊಳಗೆ ಅಟ್ಟ ಸೇರುತ್ತವೆ. ನಮ್ಮ ಊರಿನ ಬಚ್ಚಲು, ಹೊಸ್ತಿಲು, ತಗ್ಗಿನ ಮಂಚಗಳ ನಡುವೆ ಈ ಸಾಮಾನುಗಳು ಹೇಗೆ ನಡೆದುಕೊಳ್ಳುತ್ತವೆ ಎನ್ನುವುದೇ ಈ ವಿಮರ್ಶೆಯ ವಿಷಯ. ಕಂಪನಿಗಳ ಹೆಸರು ಬೇಕಿಲ್ಲ. ಒಂದೇ ಮಾದರಿಯ ಸರಕು ಹತ್ತು ಹೆಸರಿನಲ್ಲಿ ಸಿಗುತ್ತದೆ.

ಅಂಗಡಿಗೆ ಹೋಗುವ ಮೊದಲು ಬೇಕಾದದ್ದು ಒಂದು ಅಳತೆ ಟೇಪು. ಆಪರೇಷನ್‌ಗೆ ಮುಂಚೆಯೇ, ಬರಿಗಾಲಲ್ಲಿ ನಿಲ್ಲಿಸಿ, ನೆಲದಿಂದ ಮೊಣಕಾಲಿನ ಹಿಂಭಾಗದ ಮಡಿಕೆಯವರೆಗೆ ಅಳೆಯಿರಿ. ಅದಕ್ಕೆ 2ರಿಂದ 3 ಇಂಚು ಸೇರಿಸಿ. ಮಡಿಕೆ 16 ಇಂಚಿಗೆ ಬಂದರೆ ಕೂರುವ ಜಾಗವೆಲ್ಲ 18ರಿಂದ 19 ಇಂಚು ಇರಬೇಕು: ಕಮೋಡು, ಕುರ್ಚಿ, ಮಂಚ, ಸ್ನಾನದ ಸ್ಟೂಲು, ಕಾರಿನ ಸೀಟು ಎಲ್ಲವೂ. ಸೊಂಟ ಮೊಣಕಾಲಿಗಿಂತ ಮೇಲಿರಬೇಕೆನ್ನುವುದೇ ಇದರ ಹಿಂದಿನ ಲೆಕ್ಕ. ಹಿಂಬದಿಯಿಂದ ಕೀಲು ತೆರೆದು ಮಾಡಿದ ಆಪರೇಷನ್‌ನಲ್ಲಿ ಸಾಮಾನ್ಯವಾಗಿ ಮೂರು ನಿಷೇಧ ಇರುತ್ತವೆ. ಸೊಂಟ 90 ಡಿಗ್ರಿಗಿಂತ ಹೆಚ್ಚು ಮಡಿಸಬಾರದು, ಆ ಕಾಲು ಇನ್ನೊಂದು ಕಾಲನ್ನು ದಾಟಬಾರದು, ತೊಡೆ ಒಳಮುಖವಾಗಿ ತಿರುಗಬಾರದು. ಮುಂಬದಿಯಿಂದ ಮಾಡಿದ್ದಾದರೆ ಕಾಲನ್ನು ಹಿಂದಕ್ಕೆ ಚಾಚಿ ಹೊರಕ್ಕೆ ತಿರುಗಿಸುವುದೇ ಅಪಾಯ. ಸ್ನಾಯು, ಕೀಲಿನ ಚೀಲ ಕೂಡಿಕೊಳ್ಳುವ ತನಕ ಹೊಸ ಕೀಲಿನ ಚೆಂಡು ಅದು ಕೂರುವ ಬಟ್ಟಲಿನಿಂದ ಜಾರಬಹುದು. ಹಾಗಾಗಿ 6ರಿಂದ 12 ವಾರ ಈ ಕಟ್ಟಳೆ. ಈಗ ಕೆಲವು ಸರ್ಜನ್‌ಗಳು ಇದನ್ನು ಸಡಿಲಿಸಿದ್ದಾರೆ. ನಿಮ್ಮವರಿಗೆ ಯಾವುದು ಅನ್ವಯ, ಎಷ್ಟು ದಿನ ಎಂದು ಡಿಸ್ಚಾರ್ಜ್ ಹಾಳೆಯ ಮೇಲೆಯೇ ಬರೆಸಿಕೊಳ್ಳಿ. ಪಕ್ಕದ ಮನೆಯವರಿಗೆ ಹೇಳಿದ್ದು ನಿಮಗೆ ಹೊಂದಬೇಕೆಂದಿಲ್ಲ.

ಕಮೋಡ್: ಎತ್ತರದ ಸೀಟೋ, ಕಮೋಡ್ ಚೇರೋ

ಹಣ ಹಾಕುವುದಾದರೆ ಮೊದಲು ಇಲ್ಲಿ ಹಾಕಿ. ನಮ್ಮಲ್ಲಿನ ವೆಸ್ಟರ್ನ್ ಕಮೋಡುಗಳ ಎತ್ತರ ಬಹುತೇಕ 15ರಿಂದ 16 ಇಂಚು, ಅಂದರೆ ಬೇಕಾದದ್ದಕ್ಕಿಂತ 3-4 ಇಂಚು ಕಡಿಮೆ. ಇದಕ್ಕೆ ಅಂಗಡಿಯವರು ಕೊಡುವುದು ಪ್ಲಾಸ್ಟಿಕ್ ರೈಸರ್, ಅಂದರೆ ಎತ್ತರದ ಸೀಟು. 2, 4, 6 ಇಂಚಿನ ಅಳತೆಯಲ್ಲಿ ಬರುತ್ತದೆ. ಮೂಲ ಸೀಟು, ಮುಚ್ಚಳ ಎತ್ತಿ ಪಿಂಗಾಣಿಯ ಅಂಚಿನ ಮೇಲೆ ಕೂರಿಸಿ ತಿರುಪು ಬಿಗಿಯಬೇಕು.

ನೋಡಲು ಚೆಂದ, ಆದರೆ ತೊಂದರೆ ಮೂರು. ಮೊದಲನೆಯದು ಹಿಡಿತ. ಮುಂದೆ ಒಂದೇ ತಿರುಪು ಇರುವ ಮಾದರಿ ನೇರ ಕೂತಾಗ ಗಟ್ಟಿಯಾಗಿರುತ್ತದೆ. ತೊಳೆದುಕೊಳ್ಳಲು ಒಂದು ಪಕ್ಕಕ್ಕೆ ವಾಲಿದ ಕೂಡಲೇ ಅಲುಗುತ್ತದೆ. ಟಿಶ್ಯೂ ಕಾಗದ ಬಳಸುವ ದೇಶಗಳವರಿಗೆ ಈ ವಾಲುವಿಕೆ ಅಷ್ಟಿಲ್ಲ, ನಮಗೆ ದಿನಾ ಇದೆ. ಎಡಬಲ ಎರಡು ಕಡೆ ಕ್ಲಾಂಪ್ ಇರುವುದನ್ನೇ ಕೇಳಿ. ಎರಡನೆಯದು, ಕಾಲಿಡಲು ರೆಕ್ಕೆಯಿರುವ ಆಂಗ್ಲೋ-ಇಂಡಿಯನ್ ಕಮೋಡಿನ ಅಗಲವಾದ ಅಂಚಿಗೆ ಇದು ಕಚ್ಚುವುದೇ ಇಲ್ಲ. ಮೂರನೆಯದು ನೀರು. ಹೆಲ್ತ್ ಫಾಸೆಟ್‌ನ ರಭಸಕ್ಕೆ ಸೀಟು-ಪಿಂಗಾಣಿಯ ಸಂದಿಯಿಂದ ನೀರು ನೆಲಕ್ಕೆ ಚಿಮ್ಮುತ್ತದೆ. ಒದ್ದೆ ಟೈಲ್ಸ್, ಕೈಯಲ್ಲಿ ವಾಕರ್, ಕಾಲಿನಲ್ಲಿ ಹೊಸ ಕೀಲು. ಬೀಳಲು ಇಷ್ಟು ಸಾಕು.

ಹೀಗಾಗಿ ನಮ್ಮ ಬಚ್ಚಲಿಗೆ ಕಮೋಡ್ ಚೇರ್ ಮೇಲು. ನಾಲ್ಕು ಕಾಲು, ಎರಡು ಕೈ, ನಡುವೆ ತೂತಿರುವ ಸೀಟು. ಬಕೆಟ್ ತೆಗೆದು ನೇರವಾಗಿ ಕಮೋಡಿನ ಮೇಲೆಯೇ ನಿಲ್ಲಿಸಬಹುದು. ಕಾಲುಗಳಲ್ಲಿ ಒಂದೊಂದು ಇಂಚಿಗೆ ಒಂದು ತೂತಿದ್ದು ಬಟನ್ ಒತ್ತಿ ಎತ್ತರ ಬದಲಿಸುವ ಮಾದರಿಯನ್ನೇ ತನ್ನಿ. ಎತ್ತರ ಸ್ಥಿರವಾಗಿರುವ ಅಗ್ಗದ ಮಾದರಿ ಹಲವು ಸಲ 17 ಇಂಚಿಗೇ ನಿಲ್ಲುತ್ತದೆ. ಏಳುವಾಗ ಎರಡೂ ಕೈಗೆ ಊರುಗೋಲು ಸಿಗುತ್ತದೆ ಎನ್ನುವುದೇ ಇದರ ದೊಡ್ಡ ಗುಣ. ರೈಸರ್‌ನಲ್ಲಿ ಕೈ ಇಲ್ಲದ ಮಾದರಿ ಕೊಂಡರೆ ಜನ ವಾಕರನ್ನೇ ಎಳೆದುಕೊಂಡು ಏಳಲು ಹೋಗುತ್ತಾರೆ, ಅದು ಮಗುಚುತ್ತದೆ.

ಕೊಳ್ಳುವಾಗ ನೋಡಬೇಕಾದದ್ದು: ಹಿಂದಿನ ಅಡ್ಡಪಟ್ಟಿ ನಿಮ್ಮ ಫ್ಲಶ್ ಟ್ಯಾಂಕಿಗೆ ತಾಗುತ್ತದೆಯೇ? ತಾಗಿದರೆ ಸೀಟಿನ ತೂತು ಕಮೋಡಿಗಿಂತ ಮುಂದಕ್ಕೆ ಬರುತ್ತದೆ, ಗಲೀಜು ತಪ್ಪದು. ಮುಂದುಗಡೆ ತೆರೆದ, ಇಂಗ್ಲಿಷಿನ ಯು ಆಕಾರದ ಸೀಟಾದರೆ ಕೈ ಹೋಗಲು ಸುಲಭ. ತಳವಿಲ್ಲದ ಬಕೆಟ್‌ನಂಥ ನೀರು ತಡೆಯುವ ಕೊಳವೆ ಜತೆಗೆ ಕೊಡುತ್ತಾರೆ, ಕೇಳಿ ಪಡೆಯಿರಿ. ಕ್ರೋಮ್ ಲೇಪದ ಕಬ್ಬಿಣದ್ದು ಬೋರ್‌ವೆಲ್ ನೀರಿಗೆ, ಕರಾವಳಿಯ ಉಪ್ಪುಗಾಳಿಗೆ ಕಾಲಿನ ಬುಡದಿಂದಲೇ ತುಕ್ಕು ಹಿಡಿಯುತ್ತದೆ. ಅಲ್ಯೂಮಿನಿಯಂ ಆದರೆ ಅದನ್ನೇ ಸ್ನಾನದ ಕುರ್ಚಿಯಾಗಿಯೂ ಬಳಸಬಹುದು, ಒಂದು ಖರ್ಚು ಉಳಿಯಿತು.

ಹೆಲ್ತ್ ಫಾಸೆಟ್‌ನ ಕೊಳವೆಯನ್ನೂ ಬದಲಿಸಿ. ಸಾಮಾನ್ಯವಾಗಿ ಇರುವುದು 1 ಮೀಟರಿನದ್ದು; ಒಂದೂವರೆ ಮೀಟರಿನದ್ದು ಹಾರ್ಡ್‌ವೇರ್ ಅಂಗಡಿಯಲ್ಲೇ ಸಿಗುತ್ತದೆ. ಅದನ್ನು ಕುರ್ಚಿಯ ಕೈಗೆ ಸಿಕ್ಕಿಸಿಟ್ಟರೆ ಹಿಂದಕ್ಕೆ ತಿರುಗಿ ತಡಕಾಡಬೇಕಿಲ್ಲ. ಮುಂದಕ್ಕೆ ಬಾಗಿ, ಅದೇ ಹೊತ್ತಿಗೆ ಆಪರೇಷನ್ ಆದ ಕಡೆಗೆ ಮೈ ತಿರುಗಿಸುವುದು ಕೀಲು ಜಾರಿಸುವ ಭಂಗಿಗಳಲ್ಲೊಂದು. ತೊಳೆಯಲು ವಾಲುವುದಾದರೆ ಗಟ್ಟಿ ಕಾಲಿನ, ಅಂದರೆ ಆಪರೇಷನ್ ಆಗದ ಕಾಲಿನ ಕಡೆಗೆ ವಾಲಬೇಕು.

ಮನೆಯಲ್ಲಿರುವುದು ನೆಲದ ಇಂಡಿಯನ್ ಕಕ್ಕಸು ಮಾತ್ರವೇ? ಅದರ ಮೇಲಿಡುವ ಮಡಚುವ ಸ್ಟೂಲುಗಳು ಬಹುಪಾಲು 16 ಇಂಚಿನ ಆಸುಪಾಸಿನವು, ಕೈಯಿಲ್ಲದವು, ಇವರಿಗೆ ಆಗುವುದಿಲ್ಲ. ಎತ್ತರ ಹೊಂದಿಸುವ ಕಮೋಡ್ ಚೇರನ್ನೇ ಗುಂಡಿಯ ಮೇಲೆ ನಿಲ್ಲಿಸಬೇಕು. ನೆಲ ಇಳಿಜಾರಾಗಿರುವುದರಿಂದ ಒಂದೊಂದು ಕಾಲನ್ನು ಬೇರೆ ಬೇರೆ ತೂತಿಗೆ ಹಾಕಿ ಮಟ್ಟ ಮಾಡಬೇಕಾಗುತ್ತದೆ. ಹಳೆಯ ಮನೆಗಳಲ್ಲಿ ಕಕ್ಕಸು ಅರ್ಧ ಅಡಿ ಕಟ್ಟೆಯ ಮೇಲಿರುತ್ತದೆ, ಅಲ್ಲಿ ವಾಕರಿಗೂ ಕುರ್ಚಿಗೂ ಒಟ್ಟಿಗೆ ಜಾಗವಿಲ್ಲ. ಅಂಥ ಕಡೆ ಮೊದಲ ಕೆಲವು ವಾರ ಮುಜುಗರ ಬದಿಗಿಟ್ಟು ಮಲಗುವ ಕೋಣೆಯಲ್ಲೇ ಬಕೆಟ್ ಹಾಕಿದ ಕುರ್ಚಿ ಇಡಿ.

ವಾಕರ್

ಅಲ್ಯೂಮಿನಿಯಂನ ಮಡಚುವ ವಾಕರ್ ಸಾವಿರ-ಎರಡು ಸಾವಿರದಲ್ಲಿ ಸಿಗುತ್ತದೆ. ದುಬಾರಿಯದ್ದರಿಂದ ವಿಶೇಷ ಲಾಭವಿಲ್ಲ. ಎತ್ತರ ಸರಿಯಿರುವುದು ಮುಖ್ಯ. ನೇರ ನಿಂತು ಕೈ ಇಳಿಬಿಟ್ಟಾಗ ಹಿಡಿ ಮಣಿಕಟ್ಟಿನ ಗೆರೆಗೆ ಬರಬೇಕು, ಹಿಡಿದಾಗ ಮೊಣಕೈ ಸ್ವಲ್ಪವೇ ಮಡಚಿರಬೇಕು. ತಗ್ಗಿದ್ದರೆ ಮುಂದಕ್ಕೆ ಬಾಗಿ ನಡೆಯುತ್ತಾರೆ. ಎತ್ತರವಾದರೆ ಭುಜ ಏರಿ ರಾತ್ರಿ ಕುತ್ತಿಗೆ ನೋವು ಬೇರೆ. ನಾಲ್ಕೂ ಬಟನ್ ಒಂದೇ ತೂತಿನಲ್ಲಿವೆಯೇ ಎಂದು ಎಣಿಸಿ ನೋಡಿ. ಅಂಗಡಿಯಿಂದ ಬಂದ ವಾಕರಿನಲ್ಲೇ ಒಂದು ಕಾಲು ಗಿಡ್ಡವಾಗಿರುವುದು ಅಪರೂಪವೇನಲ್ಲ.

ಮುಂದೆ ಎರಡು ಚಕ್ರ ಇರುವುದು ಬೇಕೇ? ಎತ್ತಿಡಲು ಕೈಯಲ್ಲಿ ಬಲವಿಲ್ಲದ ವೃದ್ಧರಿಗೆ ಅನುಕೂಲ. ಆದರೆ ನುಣುಪಾದ ಗ್ರಾನೈಟಿನ ಮೇಲೆ ಅದು ಮುಂದೆ ಓಡುತ್ತದೆ, ಹೊಸ್ತಿಲಲ್ಲಿ ಸಿಕ್ಕಿಕೊಳ್ಳುತ್ತದೆ. ಹೊಸ್ತಿಲು ಜಾಸ್ತಿಯಿರುವ ಮನೆಗೆ ಚಕ್ರವಿಲ್ಲದ್ದೇ ಸರಿ. ಕೊಳ್ಳುವ ಮುನ್ನ ಬಚ್ಚಲ ಬಾಗಿಲಿನ ಅಗಲ ಅಳೆಯಿರಿ. 24 ಇಂಚಿನ ಬಾಗಿಲಲ್ಲಿ ಚಿಲಕ, ಕದದ ದಪ್ಪ ಕಳೆದರೆ ಅನೇಕ ವಾಕರುಗಳು ನೇರ ತೂರುವುದಿಲ್ಲ, ಓರೆಯಾಗಿ ಹಿಡಿದು ಹೋಗಲು ನೋಡಿ ಜನ ಬೀಳುತ್ತಾರೆ.

ಬಳಸುವ ಕ್ರಮ: ಮೊದಲು ವಾಕರ್, ಆಮೇಲೆ ಆಪರೇಷನ್ ಆದ ಕಾಲು, ಕೊನೆಗೆ ಗಟ್ಟಿ ಕಾಲು. ಬಚ್ಚಲಿನ ತಗ್ಗಿಗೆ ಇಳಿಯುವಾಗಲೂ ಇದೇ. ಮೇಲಕ್ಕೆ ಹತ್ತುವಾಗ ಮಾತ್ರ ವಾಕರಿನ ಹಿಂದೆ ಗಟ್ಟಿ ಕಾಲು ಮೊದಲು. ತಿರುಗುವಾಗ ಪಾದವನ್ನು ನೆಲಕ್ಕೆ ಊರಿ ಗಿರಕಿ ಹೊಡೆಯಬಾರದು, ಸಣ್ಣ ಸಣ್ಣ ಹೆಜ್ಜೆ ಇಡಬೇಕು. ಕಾಲಿನ ತುದಿಯ ರಬ್ಬರ್ ಬುಷ್ ಸವೆದು ಗೆರೆಗಳು ಅಳಿಸಿದ್ದರೆ ಬದಲಿಸಿ. ಅಲ್ಪ ಬೆಲೆಯ ಈ ತುಂಡಿನ ಮೇಲೆ ಇಡೀ ದೇಹದ ಭಾರ ನಿಂತಿರುತ್ತದೆ. ಕಾಲೊರಸುಗಳನ್ನೆಲ್ಲ ಎತ್ತಿಡಿ. ಹಿಡಿಗೆ ಕಟ್ಟುವ ಬಟ್ಟೆ ಚೀಲ ಮನೆಯಲ್ಲೇ ಹೊಲಿದದ್ದು ಸಾಕು. ನೀರಿನ ಬಾಟಲು, ಫೋನ್, ಕನ್ನಡಕ ಹಿಡಿಸಿದರಾಯಿತು. ಭಾರ ತುಂಬಿದರೆ ವಾಕರ್ ಮುಂದಕ್ಕೆ ತೂಗುತ್ತದೆ.

ಕೂರಲು, ಮೀಯಲು

ಸೋಫಾ ಮರೆತುಬಿಡಿ. ಕೂತಾಗ ಕುಸಿಯುವ ಯಾವುದೂ ಬೇಡ. ಕೈಯಿರುವ ಪ್ಲಾಸ್ಟಿಕ್ ಕುರ್ಚಿ ತಗ್ಗು. ಒಂದೇ ಮಾದರಿಯ ಎರಡನ್ನು ಒಂದರೊಳಗೊಂದು ಇಟ್ಟರೆ ಎತ್ತರವೂ ಬರುತ್ತದೆ, ಗಟ್ಟಿಯೂ ಆಗುತ್ತದೆ. ಹಾಗಿಟ್ಟ ಮೇಲೆ ಅಲುಗಾಡಿಸಿ ನೋಡಿ, ಸೀಟಿನ ಎತ್ತರ ಮತ್ತೊಮ್ಮೆ ಅಳೆಯಿರಿ. ಕೂರುವಾಗ ಕಾಲಿನ ಹಿಂಭಾಗಕ್ಕೆ ಕುರ್ಚಿ ತಾಗುವವರೆಗೆ ಹಿಂದಕ್ಕೆ ಬಂದು, ಆಪರೇಷನ್ ಆದ ಕಾಲನ್ನು ಮುಂದೆ ಚಾಚಿ, ಕುರ್ಚಿಯ ಕೈ ಹಿಡಿದು ಇಳಿಯಬೇಕು. ಒಂದೇ ಸಮನೆ ಮುಕ್ಕಾಲು ಗಂಟೆಗಿಂತ ಹೆಚ್ಚು ಕೂತರೆ ಸಂಜೆಗೆ ಕಾಲು ಊದಿ ರಾತ್ರಿಯ ನಿದ್ದೆಗೆ ಕುತ್ತು. ಪೂಜೆಗೆ, ಊಟಕ್ಕೆ ಚಕ್ಕಳಮಕ್ಕಳ ಹಾಕುವುದು ಸದ್ಯಕ್ಕೆ ಇಲ್ಲ. ದೇವರಿಗೆ ನಿಂತೇ ಕೈಮುಗಿದರಾಯಿತು.

ಸ್ನಾನಕ್ಕೆ ಬಕೆಟ್ಟನ್ನು ನೆಲದ ಮೇಲಿಟ್ಟರೆ ಪ್ರತಿ ಚೊಂಬಿಗೂ ಬಾಗಬೇಕು. ಅದನ್ನು ಒಂದು ಅಡಿಯ ಗಟ್ಟಿ ಸ್ಟೂಲಿನ ಮೇಲಿಡಿ. ಸೋಪು ಜಾರಿ ಬಿದ್ದರೆ ಬಾಗಿ ಎತ್ತುವ ಚಪಲ ತಡೆಯಲಾಗದು, ಅದಕ್ಕೆ ಜಾಲರಿ ಚೀಲದಲ್ಲಿ ಹಾಕಿ ಕುರ್ಚಿಗೆ ಕಟ್ಟಿ. ಪಾದ ತೊಳೆಯಲು ಉದ್ದ ಹಿಡಿಯ ಬ್ರಷ್ ಬೇಕು. ಎಣ್ಣೆಸ್ನಾನ ಮುಂದಕ್ಕೆ ಹಾಕಿ. ಗೋಡೆಯ ಹಿಡಿಕೆ ಹಾಕಿಸುವುದಾದರೆ ಸ್ಟೀಲಿನದ್ದು, ಇಟ್ಟಿಗೆಯೊಳಗೆ ಹೋಗುವ ಫಾಸ್ಟನರ್ ಹಾಕಿ ಬಿಗಿಸಿದ್ದು. ಆನ್‌ಲೈನಿನಲ್ಲಿ ಸಿಗುವ, ಗಾಳಿ ಒತ್ತಡದಿಂದ ಟೈಲ್ಸಿಗೆ ಅಂಟುವ ಹಿಡಿಕೆ ಖಂಡಿತ ಬೇಡ. ಟೈಲ್ಸ್ ಸಂದಿಯಲ್ಲಿ ಗಾಳಿ ನುಸುಳಿ, ಸೋಪಿನ ಜಿಡ್ಡು ಸೇರಿ, ಭಾರ ಬಿದ್ದ ಹೊತ್ತಿಗೇ ಕೈಗೆ ಬರುತ್ತದೆ. ಈ ಪಟ್ಟಿಯಲ್ಲಿ ಅತ್ಯಂತ ಕೆಟ್ಟ ಸರಕು ಇದೇ.

ರಾತ್ರಿ: ಮಂಚ, ದಿಂಬು, ನಿದ್ದೆ

ನೋವಿಗಿಂತ ನಿದ್ದೆ ಬಾರದ್ದೇ ಹಲವರ ದೊಡ್ಡ ದೂರು. ಸದಾ ಮಗ್ಗುಲಾಗಿ ಮಲಗಿದವರನ್ನು ವಾರಗಟ್ಟಲೆ ಅಂಗಾತ ಮಲಗಿಸಿದರೆ ಇನ್ನೇನಾದೀತು?

ಮಂಚದಿಂದ ಶುರು ಮಾಡೋಣ. ಯಾರಾದರೂ ಅಂಚಿನಲ್ಲಿ ಕೂತಾಗಿನ ಎತ್ತರ ಅಳೆಯಿರಿ. ಹತ್ತಿ ಹಾಸಿಗೆ ಕುಸಿದ ಮೇಲೆ 18 ಇಂಚು 15 ಆಗಿರುತ್ತದೆ. ಕಾಲಿರುವ ಮಂಚಕ್ಕೆ ಬೆಡ್ ರೈಸರ್ ಎಂಬ ಬಟ್ಟಲಿನಂಥ ಗಟ್ಟಿ ಪ್ಲಾಸ್ಟಿಕ್ ಗುಪ್ಪೆಗಳು ಸಿಗುತ್ತವೆ, 3 ಅಥವಾ 5 ಇಂಚು. ಕಾಲು ಗುಳಿಯೊಳಗೆ ಕೂರುವಂಥದ್ದೇ ಬೇಕು. ಇಟ್ಟಿಗೆ ಇಟ್ಟರೆ ಮಂಚ ಜರುಗಿದಾಗ ಜಾರುತ್ತದೆ. ಕಾಲಿಲ್ಲದ ಬಾಕ್ಸ್ ದಿವಾನಿಗೆ ಇನ್ನೊಂದು ಗಟ್ಟಿ ಕಾಯರ್ ಹಾಸಿಗೆ ಹಾಕಿ. ಮೆತ್ತನೆಯ ಫೋಮ್ ಹಾಕಿದರೆ ಎತ್ತರ ಬಂದಂತೆ ಕಂಡು ಕೂತಾಗ ಮಾಯವಾಗುತ್ತದೆ. ಏರ್ ಬೆಡ್ ಹಾಸಿಗೆ ಹಿಡಿದವರ ಹುಣ್ಣು ತಪ್ಪಿಸಲು ಇರುವುದು. ಎದ್ದು ಓಡಾಡುವವರಿಗೆ ಅದರ ಅಂಚು ಕುಸಿದು ಏಳಲು ಕಷ್ಟ, ಪಂಪಿನ ಗುಂಯ್‌ಗುಡುವಿಕೆಗೆ ಇದ್ದ ನಿದ್ದೆಯೂ ಹೋಗುತ್ತದೆ.

ಪಟ್ಟಿ ಕಟ್ಟುವ ತ್ರಿಕೋನ ಫೋಮ್ ದಿಂಬು ಆಸ್ಪತ್ರೆಯ ಮೊದಲ ದಿನಗಳಿಗೆ ಒಳ್ಳೆಯದು. ಮನೆಯಲ್ಲಿ ಅದರ ರೆಕ್ಸಿನ್ ಹೊದಿಕೆ ಬೆವರು ಬರಿಸುತ್ತದೆ, ರಾತ್ರಿ ಮೂತ್ರಕ್ಕೆ ಏಳುವಾಗ ಪಟ್ಟಿ ಬಿಚ್ಚುವುದೇ ಒಂದು ಕೆಲಸ. ಸರ್ಜನ್ ಕಡ್ಡಾಯ ಎನ್ನದಿದ್ದರೆ ಎರಡು ಗಟ್ಟಿ ದಿಂಬು ಸಾಕು. ಆದರೆ ಇಡುವ ರೀತಿ ಸರಿಯಿರಬೇಕು. ಮೊಣಕಾಲ ನಡುವೆ ಒಂದೇ ದಿಂಬಿಟ್ಟರೆ ಪಾದ ಕೆಳಕ್ಕೆ ಜೋತು ತೊಡೆ ತಿರುಗುತ್ತದೆ. ತೊಡೆಯಿಂದ ಹಿಮ್ಮಡಿಯವರೆಗೆ ಉದ್ದಕ್ಕೂ ಆಧಾರ ಬೇಕು. ಬೂರುಗದ ಹತ್ತಿಯ ದಿಂಬು ನಡುರಾತ್ರಿಗೆ ಚಪ್ಪಟೆ. ಅದಕ್ಕಿಂತ ಜಮಖಾನ ಸುತ್ತಿ ಬೆಡ್‌ಶೀಟಿನಲ್ಲಿ ಕಟ್ಟಿದ ಸುರುಳಿ ಒಳ್ಳೆಯದು. ಮೊಣಕಾಲಿನ ಅಡಿಗೆ ದಿಂಬಿಟ್ಟು ರಾತ್ರಿಯಿಡೀ ಬಿಡಬೇಡಿ. ಆ ಹೊತ್ತಿಗೆ ಹಾಯೆನಿಸುತ್ತದೆ, ಆದರೆ ಸೊಂಟದ ಮುಂಭಾಗ ಬಿಗಿದುಕೊಂಡು ನೆಟ್ಟಗೆ ನಿಲ್ಲಲು ತೊಂದರೆಯಾಗುತ್ತದೆ. ಮಗ್ಗುಲಾಗಲು ಡಾಕ್ಟರು ಒಪ್ಪಿದ ಮೇಲೆ ಸಾಮಾನ್ಯವಾಗಿ ಗಟ್ಟಿ ಕಡೆಗೇ ಮೊದಲು, ದಿಂಬು ಕಾಲ ನಡುವೆ ಇದ್ದೇ ಇರಬೇಕು.

ಎಲ್ಲ ಇಟ್ಟರೂ ಮಧ್ಯರಾತ್ರಿ ಎರಡು ಮೂರಕ್ಕೆ ಎಚ್ಚರವಾಗುತ್ತದೆಯಾದರೆ ಮಾತ್ರೆಯ ವೇಳೆ ನೋಡಿ. ರಾತ್ರಿ ಎಂಟಕ್ಕೆ ಊಟದ ಜತೆ ನುಂಗಿದ ನೋವಿನ ಮಾತ್ರೆಯ ಬಲ ಅಷ್ಟು ಹೊತ್ತಿಗೆ ಇಳಿದಿರುತ್ತದೆ. ಪ್ರಮಾಣ ಹೆಚ್ಚಿಸದೆ, ಅದೇ ಡೋಸನ್ನು ಮಲಗುವ ಹೊತ್ತಿಗೆ ತರಬಹುದೇ ಎಂದು ಡಾಕ್ಟರನ್ನು ಕೇಳಿ. ಸ್ವಂತ ಲೆಕ್ಕದಲ್ಲಿ ಇನ್ನೊಂದು ಪ್ಯಾರಾಸಿಟಮಾಲ್ ಸೇರಿಸಬೇಡಿ. ಟ್ರಮಡಾಲ್ ಎಂಬ ಬಲವಾದ ನೋವಿನ ಔಷಧದ ಜೋಡಿ ಮಾತ್ರೆಗಳಲ್ಲಿ ಆಗಲೇ 325 ಮಿಲಿಗ್ರಾಂ ಪ್ಯಾರಾಸಿಟಮಾಲ್ ಇರುತ್ತದೆ. ದೊಡ್ಡವರಿಗೆ ದಿನಕ್ಕೆ ಒಟ್ಟು 4 ಗ್ರಾಂ ಮೇಲ್ಮಿತಿ, ವೃದ್ಧರಿಗೆ, ಲಿವರ್ ತೊಂದರೆ ಇದ್ದವರಿಗೆ ಅದಕ್ಕಿಂತ ಕಡಿಮೆ. ರಕ್ತ ಹೆಪ್ಪುಗಟ್ಟದಂತೆ ಕೊಟ್ಟ ಔಷಧ ನಡೆಯುತ್ತಿರುವಾಗ ಮನೆಯಲ್ಲಿ ಬಿದ್ದಿದ್ದ ಡೈಕ್ಲೋಫೆನಾಕ್ ಎಂಬ ನೋವಿನ ಮಾತ್ರೆ ನುಂಗಿದರೆ ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು. ಪಕ್ಕದವರ ಆಲ್ಪ್ರಜೋಲಮ್ ಎಂಬ ಮಂಪರಿನ ಮಾತ್ರೆ, ನಿದ್ದೆ ಬರಲೆಂದು ಅಲರ್ಜಿ ಮಾತ್ರೆ, ಇವೆರಡೂ ಬೇಡ. ಮೊದಲನೆಯದು ಟ್ರಮಡಾಲ್ ಜತೆ ಸೇರಿದರೆ ಉಸಿರಾಟ ತಗ್ಗಬಹುದು. ಎರಡನೆಯದು ವಯಸ್ಸಾದವರಲ್ಲಿ ಗೊಂದಲ ತರುತ್ತದೆ, ಮೂತ್ರ ಕಟ್ಟಿಸುತ್ತದೆ. ಮಂಪರಿನಲ್ಲಿ ಎದ್ದು ಬಿದ್ದರೆ ಆಪರೇಷನ್ ಮತ್ತೆ ಮೊದಲಿನಿಂದ.

ಟ್ರಮಡಾಲ್ ಮಲಬದ್ಧತೆಯನ್ನೂ ತರುತ್ತದೆ, ಹೊಟ್ಟೆ ಬಿಗಿದರೆ ನಿದ್ದೆ ಎಲ್ಲಿಂದ? ನೀರು, ನಾರಿನ ಊಟ, ಬೇಕಾದರೆ ಡಾಕ್ಟರು ಹೇಳಿದ ಸಿರಪ್ಪು ಮೊದಲ ದಿನದಿಂದಲೇ ಇರಲಿ. ಸಂಜೆಯ ಫಿಲ್ಟರ್ ಕಾಫಿಯನ್ನು ಮಧ್ಯಾಹ್ನ ಎರಡಕ್ಕೆ ತನ್ನಿ, ಹಗಲು ನಿದ್ದೆ ಅರ್ಧ ಗಂಟೆ ಮೀರದಿರಲಿ. ಮಧ್ಯಾಹ್ನ ಅರ್ಧ-ಮುಕ್ಕಾಲು ಗಂಟೆ ಕಾಲು ನೀಡಿ ಮಲಗಿದರೆ ಸಂಜೆಯ ಊತ ಇಳಿಯುತ್ತದೆ. ಮಲಗುವ ಮುಂಚೆ ಟವೆಲ್ ಸುತ್ತಿದ ಜೆಲ್ ಪ್ಯಾಕ್ 15ರಿಂದ 20 ನಿಮಿಷ. ಎರಡು ಪ್ಯಾಕ್ ಕೊಳ್ಳಿ, ಒಂದು ಫ್ರೀಜರಿನಲ್ಲಿರಲಿ. ಆ ಕಾಲು ಊದಿಕೊಳ್ಳುವುದು ಸಹಜ, ಬೆಳಗ್ಗೆ ಕಡಿಮೆಯಾಗಬೇಕು. ಮೀನಖಂಡ ಬಿಗಿದು ನೋಯುವುದು, ಊತ ಇಳಿಯದಿರುವುದು, ಎದೆನೋವು, ಏದುಸಿರು, ಗಾಯದಿಂದ ಕೀವು, ಜ್ವರ, ಅಥವಾ ದಿಢೀರ್ ನೋವಿನೊಂದಿಗೆ ಕಾಲು ಗಿಡ್ಡವಾಗಿ ತಿರುಗಿದಂತೆ ಕಾಣುವುದು, ಇವುಗಳಿಗೆ ಬೆಳಗಾಗುವುದನ್ನು ಕಾಯಬಾರದು.

ರಾತ್ರಿಯ ಸಾಮಾನಿನಲ್ಲಿ ಕೊಟ್ಟ ಹಣಕ್ಕೆ ಮೋಸವಿಲ್ಲದ್ದು ಮೂರು. ಓಡಾಟ ಕಂಡರೆ ತಾನಾಗಿ ಹೊತ್ತಿಕೊಳ್ಳುವ ಸೆನ್ಸರ್ ದೀಪ. ಮಂಚದಿಂದ ಬಚ್ಚಲಿನವರೆಗೆ ಪಾದದ ಎತ್ತರದಲ್ಲಿ ಎರಡು ಅಂಟಿಸಿ. ಕರೆಂಟು ಕೈಕೊಡುವ ಊರಾದರೆ ಬ್ಯಾಟರಿಯದ್ದು. ನಿಸ್ತಂತು ಕಾಲಿಂಗ್ ಬೆಲ್. ಬಟನ್ ದಿಂಬಿನ ಬಳಿ, ಗಂಟೆ ಮನೆಯವರ ಕೋಣೆಯಲ್ಲಿ. ಮೂತ್ರದ ಬಾಟಲು, ಗಂಡಸರದ್ದೂ ಹೆಂಗಸರದ್ದೂ ಬೇರೆ ಆಕಾರ, ಹೆಂಗಸರಿಗೆ ಮಲಗಿ ಬಳಸುವುದು ಕಷ್ಟ, ಅವರಿಗೆ ಮಂಚದ ಪಕ್ಕದ ಕಮೋಡ್ ಚೇರೇ ವಾಸಿ. ಇಪ್ಪತ್ತು ನಿಮಿಷವಾದರೂ ನಿದ್ದೆ ಹತ್ತದಿದ್ದರೆ ಹೊರಳಾಡುವ ಬದಲು ಎದ್ದು ಎತ್ತರದ ಕುರ್ಚಿಯಲ್ಲಿ ಸ್ವಲ್ಪ ಹೊತ್ತು ಕೂತು, ಪಾದ ಮೇಲೆ ಕೆಳಗೆ ಆಡಿಸಿ ಮತ್ತೆ ಮಲಗಲಿ.

ಚಿಲ್ಲರೆ ಸಾಮಾನು, ಬಾಡಿಗೆ

ನೆಲದ ವಸ್ತು ಎತ್ತುವ ಕೋಲು 32 ಇಂಚಿನದ್ದೇ ತನ್ನಿ. ಪಂಚೆ, ಒಳಉಡುಪು ಏರಿಸಲೂ ಬರುತ್ತದೆ. ತೊಡುವಾಗ ಆಪರೇಷನ್ ಆದ ಕಾಲು ಮೊದಲು, ಬಿಚ್ಚುವಾಗ ಕೊನೆಗೆ. ಉದ್ದ ಹಿಡಿಯ ಶೂಹಾರ್ನ್ ಶೂ ಹಾಕುವವರಿಗೆ ಮಾತ್ರ. ಸಾಕ್ಸ್ ಹಾಕುವ ಪ್ಲಾಸ್ಟಿಕ್ ತೊಟ್ಟಿ ದಂಡ. ಬಿಗಿಯಾದ ಕಂಪ್ರೆಷನ್ ಸ್ಟಾಕಿಂಗ್ಸ್ ಅದರಿಂದ ಏರುವುದಿಲ್ಲ, ಮನೆಯವರೇ ಹಾಕಬೇಕು. ಹವಾಯಿ ಚಪ್ಪಲಿ ಬಿಟ್ಟು ಹಿಂದೆ ಪಟ್ಟಿಯಿರುವ ರಬ್ಬರ್ ತಳದ್ದು ಕೊಳ್ಳಿ. ನಡು ತೂತಿನ ಡೋನಟ್ ಕುಶನ್, ಮಸಾಜ್ ಯಂತ್ರ ಎರಡೂ ಬೇಡ.

ಕಮೋಡ್ ಚೇರ್, ವಾಕರ್ ಎರಡೂ ದೊಡ್ಡ ಊರುಗಳಲ್ಲಿ ತಿಂಗಳ ಬಾಡಿಗೆಗೆ ಸಿಗುತ್ತವೆ. ಮೂರು ತಿಂಗಳ ಬಾಡಿಗೆ ಹೊಸದರ ಬೆಲೆಯ ಹತ್ತಿರ ಬಂದರೆ ಕೊಳ್ಳುವುದೇ ಲೇಸು. ವಾಕರ್ ಹಲವರಿಗೆ ಆರು ವಾರದೊಳಗೆ ಸಾಕಾಗಿ ಕೋಲಿಗೆ ಬರುತ್ತಾರೆ, ಹಾಗಾಗಿ ಅದು ಬಾಡಿಗೆಗೆ ಸರಿ. ಆ ಕೋಲು ಗಟ್ಟಿ ಕಾಲಿನ ಕಡೆಯ ಕೈಯಲ್ಲಿರಬೇಕು. ಬಾಡಿಗೆ ಸಾಮಾನು ಮನೆಗೆ ಬಂದಾಗ ತಂದವರ ಎದುರಿಗೇ ಸಮ ನೆಲದ ಮೇಲಿಟ್ಟು ನಾಲ್ಕೂ ಮೂಲೆ ಒತ್ತಿ ನೋಡಿ, ಬಟನ್‌ಗಳು ತೂತಿನಿಂದ ಪೂರ್ತಿ ಹೊರಬಂದಿವೆಯೇ, ಬುಷ್ ಬಿರುಕು ಬಿಟ್ಟಿದೆಯೇ ಪರೀಕ್ಷಿಸಿ. ಗೀರು, ಬಿರುಕು ಏನಿದ್ದರೂ ಫೋಟೋ ತೆಗೆದು ಅಂಗಡಿಗೆ ಆಗಲೇ ಕಳಿಸಿದರೆ ಡೆಪಾಸಿಟ್ ವಾಪಸು ಕೊಡುವಾಗ ತಕರಾರಿರುವುದಿಲ್ಲ.